ಪಂಚಮಿಗೆ ಬಂದ ಪೆಟ್ರೋಲ್ ಗಾಡಿ

ಎಂಬತ್ತರ ದಶಕದ ಆ ವರ್ಷಗಳಲ್ಲಿ ಸವಣೂರು, ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರು ಕಡೆಯ ಜನ ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬಿ ಬದುಕುತ್ತಿದ್ದರು. ಸಾಹೇಬರ ಜೀಪುಗಳೆಲ್ಲ ಡೀಸೆಲ್ಲಿನವು. ಜೀಪು ಇನ್ನೂ ಕೆರೆಯ ಏರಿ ಹತ್ತುತ್ತಿರುವಾಗಲೇ ಅದರ ಗಡಗಡ ಸಪ್ಪಳ ಊರಿಗೆ ಬಂದು ಮುಟ್ಟುತ್ತಿತ್ತು. ಸಪ್ಪಳ ಮುಟ್ಟಿದ ಮೇಲೆ ಜೀಪು ಮುಟ್ಟುವವರೆಗೆ ಸಿಗುವ ಆ ಬಿಡುವಿನಲ್ಲಿ ಮಾಸ್ತರರು ನಿದ್ದೆಯಿಂದ ಏಳುತ್ತಿದ್ದರು, ಊರ ಲೆಕ್ಕ ಬರೆಯುವ ತಲಾಠಿ ಟೊಪ್ಪಿಗೆ ಹುಡುಕಿಕೊಳ್ಳುತ್ತಿದ್ದ, ಚಹದಂಗಡಿಯವನು ಹಾಲಿನ ಮೇಲಿನ ನೊಣ ಓಡಿಸುತ್ತಿದ್ದ. ಜೀಪು ಬಂದು ನಿಲ್ಲುವ ಹೊತ್ತಿಗೆ ಎಲ್ಲವೂ ಹೇಗಿರಬೇಕೋ ಹಾಗೆ ಇರುತ್ತಿತ್ತು. ಸಾಹೇಬರಿಗೂ ಸಂತೋಷ, ಜನರಿಗೂ ಮರ್ಯಾದೆ. ಡೀಸೆಲ್ ಎಂಜಿನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ತಾನು ಮಾಡಿದ ಈ ಉಪಕಾರದ ಅರಿವಿತ್ತೋ ಇಲ್ಲವೋ ತಿಳಿಯದು.

ಇಂಥ ಏರ್ಪಾಡನ್ನು ಒಂದೇ ದಿನದಲ್ಲಿ ಬುಡಮೇಲು ಮಾಡಿದವನು ಸವಣೂರಿನ ವೀಳ್ಯದೆಲೆ ವ್ಯಾಪಾರಿ ಗುದ್ಲೆಪ್ಪ. ಅದೂ ಯಾರ ಮೇಲಿನ ಸಿಟ್ಟಿನಿಂದಲೂ ಅಲ್ಲ. ತಂಗಿಯ ಹೊಟ್ಟೆ ತೊಳಸಬಾರದೆಂದು.

ಗುದ್ಲೆಪ್ಪನಿಗೆ ಇದ್ದವಳು ಒಬ್ಬಳೇ ತಂಗಿ, ಅನ್ನವ್ವ. ತಾಯಿ ತೀರಿಕೊಂಡ ಮೇಲೆ ಅವಳಿಗೆ ಜಡೆ ಹಾಕಲು ತಾನೇ ಕಲಿತು, ಆ ಜಡೆ ಒಂದು ದಿನವೂ ನೆಟ್ಟಗೆ ಬರದಿದ್ದರೂ ಹಾಗೆಯೇ ಶಾಲೆಗೆ ಕಳಿಸಿ, ದೊಡ್ಡವಳನ್ನಾಗಿ ಮಾಡಿ, ಹಿರೇಕೆರೂರಿನಾಚೆಯ ನೇರಲಕೊಪ್ಪಕ್ಕೆ ಕೊಟ್ಟಿದ್ದ. ನಾಗರ ಪಂಚಮಿ ಬಂತೆಂದರೆ ಅಣ್ಣನಾದವನು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು, ಅವಳು ಜೋಕಾಲಿ ಜೀಕಬೇಕು, ಉಂಡಿ ತಿನ್ನಬೇಕು. ಇದರಲ್ಲಿ ಎರಡನೆಯ ಮಾತಿಲ್ಲ. ಆದರೆ ಅನ್ನವ್ವನಿಗೆ ಡೀಸೆಲ್ಲಿನ ವಾಸನೆ ಆಗದು. ಬಸ್ಸು ಹತ್ತಿದರೆ ಹಾನಗಲ್ಲು ಬರುವುದರೊಳಗೆ ಅರ್ಧ ಜೀವವಾಗುತ್ತಿದ್ದಳು. ಜೀಪು ಬಾಡಿಗೆ ಮಾಡಿ ಕರೆತಂದ ವರ್ಷವಂತೂ ಹಬ್ಬವಿಡೀ ಹಾಸಿಗೆ ಹಿಡಿದು, ಉಂಡಿಯ ಹೆಸರೆತ್ತಿದರೆ ಗೋಡೆಯ ಕಡೆ ಹೊರಳಿ, ಹಬ್ಬ ಮುಗಿದ ಮೇಲೆ ಅದೇ ಜೀಪಿನಲ್ಲಿ ತಿರುಗಿ ಹೋಗಿದ್ದಳು.

ಅವಳ ಅತ್ತೆ ಅಡಿವೆವ್ವ ಆ ದಿನ ಬಾಗಿಲಲ್ಲೇ ನಿಂತು ಗುದ್ಲೆಪ್ಪನನ್ನು ತರಾಟೆಗೆ ತೆಗೆದುಕೊಂಡಳು.

"ಏನಪಾ ಬೀಗಾ, ನೆಟ್ಟಗಿದ್ದ ಸೊಸಿನ್ನ ಕಳಿಸಿದ್ನಿ, ತೊಪ್ಪಲದಂಗ ಬಾಡಿಸಿ ತಂದೀಯಲ್ಲ. ಹಬ್ಬಕ್ಕ ಕರದಿದ್ಯೋ, ಸೇಡು ತೀರಿಸ್ಕೊಳ್ಳಾಕ ಕರದಿದ್ಯೋ?"

ಮರುವರ್ಷ ಅವಳು ಸೊಸೆಯನ್ನು ಕಳಿಸಲೇ ಇಲ್ಲ. ಸವಣೂರಿನಲ್ಲಿ ಜೋಕಾಲಿ ಖಾಲಿ ತೂಗಿತು. ಈ ವರ್ಷ ಸಂತೆಗೆ ಬಂದವರ ಕೈಯಲ್ಲಿ ಕಡೆಯ ಮಾತು ಹೇಳಿ ಕಳಿಸಿದ್ದಳು: "ಆಕಿ ಹೊಟ್ಟಿಯೊಳಗಿನ ನೀರು ಅಲುಗಾಡದಂಗ ಕರಕೊಂಡು ಹೋಗೂದಾದ್ರ ಬಾ ಅನ್ರಿ. ಇಲ್ಲಂದ್ರ ಇನ್ನ ಮ್ಯಾಲೆ ಕರಿಯೋ ಮಾತ ಬ್ಯಾಡ ಅನ್ರಿ."

ಹೀಗೆ ಗುದ್ಲೆಪ್ಪ ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಹೋದ. ಜೊತೆಗೆ ಸವಣೂರಿನ ಡ್ರೈವರ್ ಹಜರತಅಲಿ. ಗುದ್ಲೆಪ್ಪನಿಗೆ ಗಾಡಿ ನಡೆಸಲು ಬಾರದು. ಎಲೆಯ ಪೆಂಡಿ ಹೇರಿಕೊಂಡು ಬಂಡಿಯಲ್ಲಿ ಯಲವಿಗಿ ಸ್ಟೇಷನ್ನಿಗೆ ಹೋಗುವಾಗಲೂ ದಾರಿ ನೋಡಿಕೊಳ್ಳುವ ಕೆಲಸ ಎತ್ತುಗಳದ್ದೇ ಆಗಿತ್ತು.

ಗ್ಯಾರೇಜಿನಲ್ಲಿ ಎರಡು ಹಳೆಯ ಅಂಬಾಸಿಡರ್ ಗಾಡಿಗಳು ನಿಂತಿದ್ದವು. ಒಂದು ಡೀಸೆಲ್ಲಿನದು, ಹತ್ತಿ ವ್ಯಾಪಾರಿಯೊಬ್ಬರ ಬಳಿ ದುಡಿದು ಬಂದದ್ದು. ಇನ್ನೊಂದು ಪೆಟ್ರೋಲಿನದು. ಅದರಲ್ಲಿ ಯಾವುದೋ ಕಾರ್ಖಾನೆಯ ದೊಡ್ಡ ಸಾಹೇಬರು ಓಡಾಡಿದ್ದರಂತೆ. ಹಾಲಿನಂಥ ಬಿಳಿ ಬಣ್ಣ, ಕಿಟಕಿಗಳಿಗೆ ಜಾಲರಿಯ ಪರದೆ, ಹಿಂದಿನ ಸೀಟಿನ ಮೇಲೆ ಓದಲಿಕ್ಕೆಂದು ಒಂದು ಪುಟ್ಟ ದೀಪ, ಮುಂದೆ ಬಾವುಟ ಸಿಕ್ಕಿಸಲಿಕ್ಕೆ ಒಂದು ಹೊಳೆಯುವ ಕೋಲು.

"ಡೀಸೆಲ್ ತಗೋರಿ ಸಾವ್ಕಾರ್ರ," ಎಂದ ಗ್ಯಾರೇಜಿನವ. "ಎತ್ತಿನಂಗ ದುಡಿತೈತಿ. ಪೆಟ್ರೋಲ್ ಗಾಡಿ ಇಟ್ಕೊಳ್ಳೂದಂದ್ರ ಮನ್ಯಾಗ ಆನಿ ಸಾಕಿದಂಗ ನೋಡ್ರಿ."

ಗುದ್ಲೆಪ್ಪ ಬಾನೆಟ್ ತೆರೆಸಲಿಲ್ಲ, ಟಾಯರ್ ಒದ್ದು ನೋಡಲಿಲ್ಲ. ಡೀಸೆಲ್ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚಿದ. ಮೂಗಿನ ಹೊಳ್ಳೆ ಅರಳಿಸಿದ. ಕೆಳಗಿಳಿದು ಮೊಣಕಾಲೂರಿ ಸೀಟಿನ ಸಂದಿಗೆ ಮುಖವಿಟ್ಟ. ಆಮೇಲೆ ಎದ್ದು ಬಿಳಿಯ ಗಾಡಿಗೆ ಹೋಗಿ ಅಲ್ಲಿಯೂ ಹಾಗೆಯೇ ಮಾಡಿದ.

"ಏನ್ ನೋಡಾಕತ್ತಾರ ಅವರು?" ಗ್ಯಾರೇಜಿನವ ಹಜರತಅಲಿಯನ್ನು ಕೇಳಿದ.

"ನೋಡಾಕತ್ತಿಲ್ರಿ. ಮೂಸಾಕತ್ತಾರ."

ಬಿಳಿಯ ಗಾಡಿಯಲ್ಲಿ ಸಾಹೇಬರ ತಲೆಯೆಣ್ಣೆಯ ಮೆಲ್ಲನೆಯ ಪರಿಮಳ ಬಿಟ್ಟರೆ ಬೇರೇನೂ ಇರಲಿಲ್ಲ. ಗುದ್ಲೆಪ್ಪ ಎದ್ದು ಮೊಣಕಾಲಿನ ಧೂಳು ಜಾಡಿಸಿಕೊಂಡು, "ಇದ ಇರ್ಲಿ," ಎಂದ.

ಹಜರತಅಲಿ ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. "ಕಾಕಾ, ಸಾಹೇಬರಿಗೆ ಪೆಟ್ರೋಲ್ ಕಂಪನಿ ಹಾಕಸ್ತಿತ್ತು. ನಿಮಗ್ಯಾರು ಹಾಕಸ್ತಾರ? ಡೀಸೆಲ್ ತಗೋರಿ, ಎಲಿ ಹೇರಾಕೂ ಬರ್ತೈತಿ."

"ಹಜರತಾ, ನಿನಗ ಎಂಜಿನ್ ಗೊತ್ತು. ನನ್ನ ತಂಗಿ ಮೂಗು ನಿನಗ ಗೊತ್ತಿಲ್ಲ. ಚಾಲೂ ಮಾಡು, ನೋಡೂಣು."

ಹಜರತಅಲಿ ಒಳಗೆ ಕುಳಿತ. ಗುದ್ಲೆಪ್ಪ ಕಾಯ್ದ. ಮತ್ತೂ ಕಾಯ್ದು, "ಮಾಡಪಾ ಚಾಲೂ," ಎಂದ.

"ಚಾಲೂ ಆಗಿ ಆಗಲೇ ಹೊತ್ತಾತು, ಕಾಕಾ."

ಗುದ್ಲೆಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬೆಚ್ಚಗಿನ ಸಣ್ಣ ನಡುಕವೊಂದು ಕೈಗೆ ತಾಗಿತು, ಮಲಗಿದ ಕರುವಿನ ಹೊಟ್ಟೆ ಮುಟ್ಟಿದ ಹಾಗೆ. ಅವನು ತಲೆಯ ಮೇಲಿನ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಗಾಡಿಗೆ ಕೈ ಮುಗಿದ.

ಸವಣೂರಿನಲ್ಲಿ ಓಣಿಗೆ ಓಣಿಯೇ ಕೂಡಿತು. ಪೆಟ್ರೋಲೇ ಯಾಕೆ ಎಂದು ಕೇಳಿದವರಿಗೆಲ್ಲ, ತಂಗಿ ವಾಂತಿ ಮಾಡಿಕೊಳ್ಳುತ್ತಾಳೆ ಎಂದು ಹೇಳಲು ಗುದ್ಲೆಪ್ಪನಿಗೆ ಬಾಯಿ ಬರಲಿಲ್ಲ. ಮನೆಯ ಹೆಣ್ಣುಮಗಳ ಹೊಟ್ಟೆಯ ಸುದ್ದಿ ಓಣಿಯವರಿಗೇಕೆ? ಆದ್ದರಿಂದ ಮೀಸೆಯ ಮೇಲೆ ಕೈಯಾಡಿಸಿ, "ಡೀಸೆಲ್ಲು ಪಂಪಸೆಟ್ಟಿಗೆ ಹಾಕೂದ್ರಿ. ವಿಮಾನಕ್ಕ ಯಾರರೆ ಡೀಸೆಲ್ ಹಾಕ್ತಾರೇನು?" ಎಂದುಬಿಟ್ಟ.

"ವಿಮಾನ ತಂದೀರಿ, ಭಾಳ ಚಲೋ ಆತು," ಎಂದಳು ಹೆಂಡತಿ ಯಂಕವ್ವ ಒಳಗಿನಿಂದ. "ನಾಳೆ ಎಲಿ ಪೆಂಡಿ ಎದರ ಮ್ಯಾಲೆ ಹೇರತೀರಿ? ಆಕಾಶದ ಮ್ಯಾಲೇನು?"

ಪಕ್ಕದ ಮನೆಯ ಮುದುಕಿ ಶಿವಬಸವ್ವ ಆರತಿ ತಂದಳು. ಗಾಡಿಯ ಹತ್ತಿರ ಬಂದವಳು ಕಿವಿಯಾನಿಸಿ ಕೇಳಿ, ದನಿ ತಗ್ಗಿಸಿದಳು. "ನಿದ್ದಿ ಹತ್ತೈತೇನಪಾ ಇದಕ್ಕ?"

"ಇಲ್ಲಬೇ ಆಯಿ, ಎಚ್ಚರ ಐತಿ," ಎಂದ ಹಜರತಅಲಿ.

ಆದರೂ ಅವಳು ಅದರ ನಿದ್ದೆ ಕೆಡದ ಹಾಗೆ ಮೆಲ್ಲಗೇ ಆರತಿ ಬೆಳಗಿ, ತುದಿಗಾಲಲ್ಲಿ ಹಿಂದೆ ಸರಿದಳು.

ಮರುದಿನ ಬೆಳಿಗ್ಗೆ ಗಾಡಿ ಹೊರಟಿತು. ಯಂಕವ್ವ ಬಾಯಿ ತುಂಬ ಬೈಯುತ್ತಲೇ ಉಂಡಿಯ ಡಬ್ಬಿಗಳನ್ನೂ ಅಳ್ಳಿನ ಗಂಟನ್ನೂ ಮುಂದಿನ ಸೀಟಿನಲ್ಲಿ ಒಟ್ಟಿದಳು. ಬೈಯುತ್ತಲೇ ಒಳಗೆ ಹೋಗಿ, ತನ್ನ ಮೆತ್ತನೆಯ ಹಳೆಯ ಸೀರೆಯೊಂದನ್ನು ತಂದು, ನಾದಿನಿಯ ತಲೆ ಒರಗುವ ಜಾಗದಲ್ಲಿ ಮಡಚಿ ಹಾಸಿದಳು. ಮುಂದೆ ಜಾಗವಿಲ್ಲದೆ ಗುದ್ಲೆಪ್ಪ ಹಿಂದೆ, ಪರದೆಯ ಮರೆಯಲ್ಲಿ ಕೂರಬೇಕಾಯಿತು. ಮದುವೆಯಲ್ಲಿ ಹೊಲಿಸಿದ ಕರಿ ಕೋಟು, ಬಿಳಿ ರುಮಾಲು.

ಹಜರತಅಲಿ ಒಂದೇ ಕರಾರು ಹಾಕಿದ. "ಕಾಕಾ, ನಿಮ್ಮ ಬಾಯಾಗ ಯಾವಾಗಲೂ ಎಲಿ ಇರ್ತಾವು. ಇರ್ಲಿ. ಆದರ ಕಿಡಕ್ಯಾಗಿಂದ ಉಗುಳಂಗಿಲ್ಲ. ಬಿಳಿ ಬಣ್ಣದ ಮ್ಯಾಲೆ ಕೆಂಪು ಹನಿ ಬಿದ್ದರ ನಾ ಅಲ್ಲೇ ಇಳದು ಬಸ್ಸು ಹತ್ತತೇನಿ."

ಗುದ್ಲೆಪ್ಪನ ಬಾಯಲ್ಲಿ ಆಗಲೇ ಎಲೆ ತುಂಬಿತ್ತು. "ಹ್ಞೂಂ," ಎಂದ.

ಆ ಒಂದು 'ಹ್ಞೂಂ' ಅಂದು ಮೂರು ತಾಲೂಕು ಆಳಿತು.

ಶಿಗ್ಗಾವಿಯ ಬಸ್ ಸ್ಟ್ಯಾಂಡಿನ ಎದುರು ಮಾರೆಪ್ಪನ ಚಹದಂಗಡಿ. ಮಾರೆಪ್ಪ ಕಿವಿಯ ಭರವಸೆಯ ಮೇಲೆ ವ್ಯಾಪಾರ ಮಾಡಿಕೊಂಡು ಬಂದವನು. ಕುದಿಸಿದ ಚಹಪುಡಿಯನ್ನು ಒಣಗಿಸಿ ಮತ್ತೆ ಕುದಿಸುವುದು ಅವನ ಪದ್ಧತಿ. ಅಂದು ಅವನು ಹಳೆಯ ಪುಡಿಯನ್ನು ಬಿಸಿಲಿಗೆ ಹರವಿ ತಲೆಯೆತ್ತಿದರೆ ಎದುರಿಗೆ ಬಿಳಿಯ ಗಾಡಿ ನಿಂತಿದೆ! ಬಂದ ಸಪ್ಪಳವಿಲ್ಲ. ಪರದೆ, ಬಾವುಟದ ಕೋಲು, ಒಳಗೆ ಕರಿ ಕೋಟಿನ, ದಪ್ಪ ಕೆನ್ನೆಯ ಒಬ್ಬರು. ಅವರ ಕಣ್ಣು ನೆಟ್ಟಗೆ ಪುಡಿಯ ಮೇಲಿದೆ.

ಗುದ್ಲೆಪ್ಪ ನೋಡುತ್ತಿದ್ದದ್ದು ಉಗುಳುವ ಜಾಗ. ಇಳಿಯಬೇಕೆಂದು ಬಾಗಿಲ ಹಿಡಿಕೆಗೆ ಕೈ ಹಾಕುವಷ್ಟರಲ್ಲಿ ಮಾರೆಪ್ಪನೇ ಓಡಿ ಬಂದು, ಹೊರಗಿನಿಂದ ಬಾಗಿಲು ಒತ್ತಿ ಹಿಡಿದು, "ಇಳೀಬ್ಯಾಡ್ರಿ ಸಾಹೇಬ್ರ, ಕೆಸರೈತಿ. ಇಲ್ಲೇ ತರ್ತೇನ್ರಿ. ಕೆನಿ ಹಾಲಿಂದು," ಎಂದ. ಹೊಸ ಪುಡಿಯ ಪೊಟ್ಟಣ ಒಡೆದ. ಯಾಲಕ್ಕಿ ಜಜ್ಜಿದ. ಸಾಹೇಬರು ಮಂದಿಯ ಕಪ್ಪನ್ನೂ ನೋಡಿಯಾರೆಂದು ಎಲ್ಲರಿಗೂ ಅದನ್ನೇ ಸುರಿದ. ಅಂದು ಅಲ್ಲಿ ಚಹ ಕುಡಿದವರು ಗುಟುಕು ಗುಟುಕಿಗೂ ನಿಂತು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾರೆಪ್ಪನ ಅಂಗಡಿಯ ಚಹಕ್ಕೆ ರುಚಿಯೆಂಬುದು ಇರಬಹುದೆಂದು ಅವರಿಗೆ ಅಲ್ಲಿಯತನಕ ತಿಳಿದಿರಲಿಲ್ಲ.

"ಯಾವ ಸಾಹೇಬ್ರಪಾ?" ಮಾರೆಪ್ಪ ಹಜರತಅಲಿಯ ಕಿವಿಯಲ್ಲಿ ಕೇಳಿದ.

"ಯಾವ ಸಾಹೇಬ್ರೂ ಅಲ್ಲ. ಎಲಿ ವ್ಯಾಪಾರದವರು. ತಂಗಿನ್ನ ಪಂಚಮಿಗೆ ಕರಿಯಾಕ ಹೊಂಟಾರ, ಹಿರೇಕೆರೂರು ಕಡೆ."

ಮಾರೆಪ್ಪ ಮೆಲ್ಲಗೆ ನಕ್ಕ. "ಹೌದೌದು. ಹಂಗ ಹೇಳಂತ ಹೇಳಿರ್ತಾರ."

ಹಿರೇಕೆರೂರಿಗೆ ಹೊರಟಿದ್ದ ಬಸ್ಸಿನ ಕಂಡಕ್ಟರನೂ ಆ ಚಹ ಕುಡಿದವರಲ್ಲಿ ಒಬ್ಬ. ಅವನು ಕಪ್ಪು ಕೆಳಗಿಟ್ಟು ಬಸ್ಸು ಹತ್ತಿದ. ಸುದ್ದಿಯೂ ಟಿಕೆಟ್ಟಿಲ್ಲದೆ ಹತ್ತಿತು.

ಹಾನಗಲ್ಲಿನಲ್ಲಿ ರೇಡಿಯೇಟರಿಗೆ ನೀರು ಹಾಕಬೇಕಾಯಿತು. ಹತ್ತಿರ ಸಿಕ್ಕದ್ದು ಪ್ರವಾಸಿ ಮಂದಿರದ ನಲ್ಲಿ. ಅಲ್ಲಿಯ ಅಡಿಗೆಯ ರಾಜೇಸಾಬ ವಯಸ್ಸಾದವನು. ಗಾಡಿ ಕಂಡವನೇ ಯಾವ ಪ್ರಶ್ನೆಯನ್ನೂ ಕೇಳದೆ ಕೈಕಾಲಿಗೆ ನೀರು ಕೊಟ್ಟು, ಊಟದ ಎಲೆ ಹಾಕಿ, ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿದ. ಬಾಯಿ ಮುಕ್ಕಳಿಸಿ ಎಲೆಯಿಂದ ಮುಕ್ತನಾದ ಗುದ್ಲೆಪ್ಪ ಮೊದಲ ಸಲ ಮಾತಾಡಿದ. "ರಾಜೇಸಾಬಣ್ಣ, ನಾ ಸಾಹೇಬ ಅಲ್ಲಪಾ. ತಂಗಿನ್ನ ಕರಿಯಾಕ ಹೊಂಟೇನಿ. ಆಕಿಗೆ ಡೀಸೆಲ್ ಆಗಂಗಿಲ್ಲ, ಅದಕ್ಕ ಈ ಗಾಡಿ."

ರಾಜೇಸಾಬ ಅವನ ಮುಖ ನೋಡಿದ. ಆ ದಿನ ಆ ಮಾತನ್ನು ನಂಬಿದವನು ಅವನೊಬ್ಬನೇ. ನಂಬಿದ ಮೇಲೂ ಬಡಿಸುವುದನ್ನು ನಿಲ್ಲಿಸಲಿಲ್ಲ. ಮತ್ತೊಂದು ರೊಟ್ಟಿ ಹಾಕಿ, "ನಮ್ಮ ರಮಜಾನಬಿಗೂ ಹಂಗ ಆಗ್ತೈತಿ ನೋಡ್ರಿ, ನನ್ನ ತಂಗಿ," ಎಂದು ಉಪ್ಪು ಹಚ್ಚಿದ ಲಿಂಬೆಯ ಹೋಳುಗಳನ್ನು ಎಲೆಯಲ್ಲಿ ಕಟ್ಟಿ ಕೊಟ್ಟ. "ಕೈಯಾಗ ಹಿಡಕೊಂಡು ಕುಂಡ್ರಾಕ ಹೇಳ್ರಿ. ಮೂಸ್ತಿದ್ರ ಸಾಕು."

ಊಟವಾದ ಮೇಲೆ ಎಲೆ ಹಾಕದೆ ಇರುವುದು ಸವಣೂರಿನವನಿಗೆ ಸಾಧ್ಯವೆ? ಗುದ್ಲೆಪ್ಪನ ಕೆನ್ನೆ ಮತ್ತೆ ಉಬ್ಬಿತು.

ಹಿರೇಕೆರೂರಿಗೆ ಬರುವಷ್ಟರಲ್ಲಿ ಸುದ್ದಿ ಮುಂದೆ ಬಂದು ಬೆಳೆದು ಮದುವೆಗೆ ಬಂದಿತ್ತು. ಹೇಳದೆ ಕೇಳದೆ, ಸಪ್ಪಳವಿಲ್ಲದ ಗಾಡಿಯಲ್ಲಿ ಒಬ್ಬ ಸಾಹೇಬರು ಬರುತ್ತಿದ್ದಾರೆ. ಮಾತಾಡುವುದಿಲ್ಲ, ಬರೀ ನೋಡುತ್ತಾರೆ. ಯಾವ ಸಾಹೇಬರು ಎಂಬುದು ಯಾರಿಗೂ ತಿಳಿಯದ ಕಾರಣ ಪ್ರತಿಯೊಬ್ಬರೂ ತಮ್ಮ ತಮ್ಮ ಸಾಹೇಬರನ್ನೇ ಎದುರುಗೊಳ್ಳಲು ಬಂದಿದ್ದರು. ರಸ್ತೆಯ ಮುಕಾದಮ ಗುಂಡಿಗಳಿಗೆ ಮಣ್ಣು ಸುರಿಸುತ್ತಿದ್ದ. ಮಾಸ್ತರರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಪಂಚಾಯತಿಯವರು ಹೂವಿನ ಮಾಲೆ ಹಿಡಿದಿದ್ದರು. ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ದಾರಿಯ ಕಡೆಗೇ ಕಿವಿಯಿಟ್ಟು ನಿಂತಿದ್ದರೂ, ಗಾಡಿ ಬಂದು ಅವರ ಬೆನ್ನ ಹಿಂದೆ ನಿಂತಾಗಲೇ ಅವರಿಗೆ ಗೊತ್ತಾದದ್ದು.

"ಬಂದೇ ಬಿಟ್ಟಾರಲ್ಲೋ!" ಎಂದು ಒಬ್ಬರು ಉಸಿರೆಳೆದರು. ಮಂದಿಯೆಲ್ಲ ಗುಡಿಯಲ್ಲಿ ನಿಂತ ಹಾಗೆ ನಿಂತುಬಿಟ್ಟಿತು. ಯಾರೋ ಚಪ್ಪಲಿ ಕಳಚಿದರು.

ಗುದ್ಲೆಪ್ಪ ಇಳಿದ. ಮಾಲೆ ಕೊರಳಿಗೆ ಬಿತ್ತು. ಬಾಯಿ ತುಂಬಿ ತುಳುಕುತ್ತಿತ್ತು. ತುಟಿ ತೆರೆದರೆ ಎದುರು ನಿಂತವರ ಬಿಳಿ ಅಂಗಿಯ ಗತಿ ಮುಗಿದಂತೆ. ಅವನು ಕಣ್ಣಲ್ಲಿ ನೀರು ತಂದುಕೊಂಡು, ಜನ ದಾರಿ ಬಿಡಲಿ ಎಂದು ಕೈಯೆತ್ತಿ ಪಕ್ಕದ ಗಟಾರವನ್ನು ತೋರಿಸಿದ.

"ಗಟಾರ ನೋಡಿಬಿಟ್ರು!" ಪಂಚಾಯತಿಯವರು ಚೀರಿದರು. "ಏ, ಸಲಿಕಿ ತರ್ರಿ! ಬುಟ್ಟಿ ತರ್ರಿ!"

ಯಾವ ಕಾಲದಲ್ಲಿ ಕಟ್ಟಿಕೊಂಡಿತ್ತೋ ಆ ಗಟಾರ, ಕಣ್ಣೆದುರಿಗೇ ಹರಿಯತೊಡಗಿತು. ಅದರ ಎರಡೂ ದಂಡೆಯಲ್ಲಿ ಸಲಿಕೆ ಹಿಡಿದ ಮಂದಿ ನಿಂತಿದ್ದರಿಂದ ಗುದ್ಲೆಪ್ಪನಿಗೆ ಅಲ್ಲಿಯೂ ಉಗುಳಲು ಜಾಗ ಸಿಗಲಿಲ್ಲ.

"ಎಲ್ಲಿ ಹೊಂಟಾರ ಸಾಹೇಬ್ರು?" ಎಂದು ಒಬ್ಬ ಗುಮಾಸ್ತರು ಹಜರತಅಲಿಯನ್ನು ಕೇಳಿದರು.

"ದೇವರಾಣಿ ರೀ, ತಂಗಿನ್ನ ಕರಿಯಾಕ ಹೊಂಟಾರ. ನೇರಲಕೊಪ್ಪಕ್ಕ."

ಗುಮಾಸ್ತರು ಪಕ್ಕದವರ ಕಡೆ ತಿರುಗಿದರು. "ಹಿಂದ ಒಬ್ಬಾಂವ ಮಾವನ ಮನಿಗೆ ಹೊಂಟೇನಿ ಅಂದಿದ್ದ. ಆಮ್ಯಾಲೆ ಎಷ್ಟು ಮಂದಿಗೆ ಬದಲಿ ಆತು ನೆನಪೈತಿಲ್ಲೋ?"

ಗುದ್ಲೆಪ್ಪ ಕೈ ಮುಗಿದು, "ಹ್ಞೂಂ," ಎಂದು ಗಾಡಿ ಹತ್ತಿದ. ಆ 'ಹ್ಞೂಂ'ನಲ್ಲಿ ಕ್ಷಮೆಯಿತ್ತೋ ಎಚ್ಚರಿಕೆಯಿತ್ತೋ ಎಂಬ ಬಗ್ಗೆ ಹಿರೇಕೆರೂರಿನಲ್ಲಿ ಬಹಳ ದಿನ ವಾದ ನಡೆಯಿತಂತೆ.

ಇನ್ನು ನೇರಲಕೊಪ್ಪ. ಊರು ಸಣ್ಣದು, ಜನ ಒಳ್ಳೆಯವರು. ಒಂದೇ ಒಂದು ದೋಷವೆಂದರೆ, ಊರ ಮುಂದಿನ ಕಂಬಗಳ ಮೇಲೆ ಹಾಯ್ದುಹೋಗುವ ವಿದ್ಯುತ್ ತಂತಿಗೆ ಮನೆಗೊಂದರಂತೆ ಕೊಂಡಿ ಹಾಕಿ ಕರೆಂಟು ಇಳಿಸಿಕೊಂಡಿದ್ದರು. ಕರೆಂಟಿನವರ ಜೀಪು ಏರಿ ಹತ್ತುವ ಸಪ್ಪಳ ಕೇಳಿದೊಡನೆ ಉದ್ದನೆಯ ಬಿದಿರು ಕೋಲುಗಳು ಹೊರಬರುತ್ತಿದ್ದವು, ಕೊಂಡಿಗಳೆಲ್ಲ ಒಳಗೆ ಹೋಗುತ್ತಿದ್ದವು. ಜೀಪು ಬಂದಾಗ ಊರಿನಲ್ಲಿ ಚಿಮಣಿ ದೀಪ ಉರಿಯುತ್ತಿರುತ್ತಿತ್ತು. ವರ್ಷಗಟ್ಟಲೆ ಊರಿನ ಮಾನ ಹೀಗೆ ಕಿವಿಯಿಂದ ಉಳಿದು ಬಂದಿತ್ತು.

ಅಂದು ಮರುದಿನದ ರೊಟ್ಟಿ ಪಂಚಮಿಗೆಂದು ಎಲ್ಲರ ಮನೆಯಲ್ಲೂ ಹಂಚು ಕಾದಿತ್ತು. ತಂತಿಯ ಮೇಲೆ ಕೊಂಡಿಗಳು ಸಾಲಾಗಿ, ಗಿಳಿಗಳು ಕೂತ ಹಾಗೆ ಕೂತಿದ್ದವು. ಬಿಳಿಯ ಗಾಡಿ ಬಂದು ಸರಿಯಾಗಿ ಅವುಗಳ ಕೆಳಗೇ ನಿಂತಿತು.

ಒಲೆಯ ಮುಂದಿದ್ದವರು ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಎದ್ದರು. ಆಮೇಲೆ ಊರು ಹಿತ್ತಿಲ ಬಾಗಿಲಿನಿಂದ ಖಾಲಿಯಾಯಿತು.

ಗುದ್ಲೆಪ್ಪ ತಂಗಿಯ ಮನೆಯ ಹೊಸ್ತಿಲು ದಾಟಿದಾಗ ಒಳಗೆ ಯಾರೂ ಇರಲಿಲ್ಲ. ಹಂಚಿನ ಮೇಲೆ ರೊಟ್ಟಿ ಹೊಗೆಯಾಡುತ್ತಿತ್ತು. ಅವನು ಮೊದಲು ಅದನ್ನು ತೆಗೆದು ಬುಟ್ಟಿಗೆ ಹಾಕಿದ. ತಂಗಿ ಬಡಿದ ರೊಟ್ಟಿ ಹೊತ್ತಬಾರದು. ಪಕ್ಕದ ಮನೆ ನೋಡಿದ, ಅದರಾಚೆಯ ಮನೆ ನೋಡಿದ. ಎಲ್ಲೆಲ್ಲೂ ತೆರೆದ ಬಾಗಿಲು, ಬಿಸಿ ಒಲೆ, ಜನವಿಲ್ಲ. ಕಟ್ಟೆಯ ಮೇಲೆ ಒಂದು ನಾಯಿ ಮಾತ್ರ, ತನ್ನ ತಪ್ಪೇನೂ ಇಲ್ಲವೆಂಬ ಧೈರ್ಯದಲ್ಲಿ ಮಲಗಿತ್ತು. ಇಷ್ಟು ದೂರ ಬಂದು ತಂಗಿಯಿಲ್ಲದೆ ತಿರುಗುವುದೆ? ಇನ್ನೊಂದು ವರ್ಷ ಜೋಕಾಲಿ ಖಾಲಿ. ಆ ಮೇಲೆ ಎಂದೆಂದಿಗೂ.

"ಕಾಕಾ," ಎಂದ ಹಜರತಅಲಿ, "ಗೋವಿನಜೋಳದ ಹೊಲ ನೋಡ್ರಿ."

ಊರ ಪಕ್ಕದ ಹೊಲದಲ್ಲಿ ಆಳೆತ್ತರದ ಗೋವಿನಜೋಳ. ಗಾಳಿಯಿಲ್ಲ. ಆದರೂ ಹೊಲವಿಡೀ ಅಲುಗಾಡುತ್ತಿತ್ತು.

ಗುದ್ಲೆಪ್ಪ ಬದುವಿನ ಮೇಲೆ ನಿಂತು, ಆ ದಿನದ ದೊಡ್ಡ ಸುಖವನ್ನು ಅನುಭವಿಸುತ್ತ ಬಾಯಿ ಖಾಲಿ ಮಾಡಿದ. ಆಮೇಲೆ ಕೂಗಿದ: "ಅನ್ನವ್ವಾ!"

ಜೋಳದ ನಡುವೆ ಅಡಿವೆವ್ವ ಸೊಸೆಯ ಬಾಯಿಗೆ ಕೈ ಒತ್ತಿ ಹಿಡಿದಳು. "ಸುಮ್ಕಿರ. ಹೆಸರು ಸೈತ ತಿಳಕೊಂಡು ಬಂದಾನ!"

"ಅನ್ನವ್ವಾ! ಬಾರವ್ವಾ ಹೊರಗ!"

ಅನ್ನವ್ವನ ಗಂಡ ಮಾಳಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಎರಡೂ ಕೈ ಮೇಲೆತ್ತಿ ಎದ್ದು ನಿಂತ. ಜೋಳದ ಮೇಲೆ ಕೈಗಳಷ್ಟೇ ಕಂಡವು. "ಆಕಿದೇನೂ ತಪ್ಪಿಲ್ರಿ ಸಾಹೇಬ್ರ! ಕೊಂಡಿ ನಂದೂ ಅಲ್ರಿ, ನಮ್ಮವ್ವ ಹಾಕಂದ್ಲು, ಹಾಕೇನ್ರಿ!"

"ಹಡದಿದ್ದಕ್ಕ ಚಲೋ ಹೆಸರು ತಂದಿ ನೋಡೋ!" ಎಂದು ಅಡಿವೆವ್ವ ಜೋಳದೊಳಗಿನಿಂದಲೇ ಗುಡುಗಿದಳು.

ಅವಳು ಬೈಯಲು ಕೈ ತೆಗೆದದ್ದೇ ತಡ, ಅನ್ನವ್ವ ಬಿಡಿಸಿಕೊಂಡು ದಂಟುಗಳನ್ನು ಸರಿಸುತ್ತ ಓಡಿ ಬಂದಳು. "ಅಣ್ಣಾ! ಅತ್ತೀ, ನಮ್ಮಣ್ಣ ಬೇ! ದನಿ ಕೇಳಿದ್ರೂ ಗೊತ್ತಾಗಲಿಲ್ಲೇನು?"

ಒಂದೊಂದೇ ತಲೆ ಜೋಳದಿಂದ ಮೇಲೆದ್ದಿತು. ಊರು ನಕ್ಕಿತು. ಅಡಿವೆವ್ವ ನಗಲಿಲ್ಲ. ಸೀರೆಯ ತುಂಬ ಕೆಸರು, ಕೂದಲಲ್ಲಿ ಜೋಳದ ಎಲೆ. ಇಡೀ ಊರಿನೆದುರು ಈ ವಯಸ್ಸಿನಲ್ಲಿ ಓಡಿದ್ದಳು.

"ಬೀಗಾ," ಎಂದಳು, "ಮಂದಿ ಮನಿಗೆ ಬರೂ ರೀತಿ ಏನು ಇದು? ಹೆಣ್ಣಮಗಳನ್ನ ಕರಿಯಾಕ ಬರಾಂವ ಊರಿಗೆ ಗೊತ್ತಾಗೂವಂಗ ಬರಬೇಕು. ಕಳ್ಳ ಬಂದಂಗ ಬಂದಿ. ನಾ ಕಳಸಂಗಿಲ್ಲ ಹೋಗು."

ಅನ್ನವ್ವನ ಮುಖ ಇಳಿಯಿತು. ಗುದ್ಲೆಪ್ಪನ ಕೊರಳಲ್ಲಿ ಮಾಲೆ ಇನ್ನೂ ಇತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅತ್ತೀ, ಆಕಿ ಹೊಟ್ಟಿ ಅಲುಗಾಡಬಾರದು ಅಂದಿದ್ರಿ. ಅದಕ್ಕ ಈ ಗಾಡಿ ತಂದೇನ್ರಿ. ಸಪ್ಪಳ ಇಲ್ಲ, ವಾಸನಿ ಇಲ್ಲ. ಒಮ್ಮೆ ನೀವ ಕುಂತು ನೋಡ್ರಿ. ನಿಮಗ ಒಪ್ಪದಿದ್ರ ನಾ ಹಂಗ ತಿರುಗಿ ಹೋಗ್ತೇನಿ."

ಪರೀಕ್ಷೆ ಮಾಡುವವರ ಗತ್ತಿನಲ್ಲಿ ಅಡಿವೆವ್ವ ಗಾಡಿಯ ಹತ್ತಿರ ಬಂದಳು. ಮೂಗು ಒಳಗಿಟ್ಟು ನೋಡಿದಳು. ಕೆಸರಿನ ಕಾಲು ಕಂಡು ಹಿಂಜರಿದಳು. ಹಜರತಅಲಿ ತನ್ನ ಹೆಗಲ ಮೇಲಿನ ಟವೆಲ್ಲನ್ನು ಅವಳು ಕಾಲಿಡುವಲ್ಲಿ ಹಾಸಿ, "ಕುಂಡ್ರು ಆಯಿ," ಎಂದ. ಬಾಗಿಲು ಮುಚ್ಚಿತು. ಗಾಡಿ ಊರ ಸುತ್ತ ಒಂದು ಸುತ್ತು ಹೊರಟಿತು.

ಪರದೆಯಾಚೆ ಅವಳ ಊರು ತನ್ನಷ್ಟಕ್ಕೆ ಸರಿದು ಹೋಗುತ್ತಿತ್ತು. ಕೆರೆ ಬಂತು, ಹೋಯಿತು. ಅವಳೇ ನೆಟ್ಟ ಬೇವಿನ ಮರ ಬಂತು, ಹೋಯಿತು. ಎಮ್ಮೆಗಳು ಕೂಡ ಬೆದರದೆ ತಲೆಯೆತ್ತಿ ನೋಡಿದವು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅಡಿವೆವ್ವ ಇಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಹಜರತಅಲಿ ಕನ್ನಡಿಯಲ್ಲಿ ನೋಡಿ ಗಾಬರಿಯಾದ. ಮುದುಕಿಯ ಬಾಯಿ ಮಕ್ಕಳ ಬಾಯಿಯ ಹಾಗೆ ತೆರೆದುಕೊಂಡಿತ್ತು.

ಗಾಡಿ ಮನೆಯ ಮುಂದೆ ನಿಂತಿತು. ಅನ್ನವ್ವ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. ಅಡಿವೆವ್ವ ಇಳಿಯಲಿಲ್ಲ.

"ಅತ್ತೀ, ಕಳಸ್ತೀರೇನ್ರಿ?" ಗುದ್ಲೆಪ್ಪ ಕಿಟಕಿಗೆ ಬಾಗಿ ಕೇಳಿದ.

"ಕಳಸ್ತೇನಿ." ಅಂದವಳು ಕುಳಿತಲ್ಲಿಂದ ಏಳಲಿಲ್ಲ. ಸೀಟಿನ ಮೇಲೆ ಅಂಗೈ ಸವರುತ್ತಿದ್ದಳು. ಯಾರಿಗೋ ಹೇಳುವಂತೆ, "ನಮ್ಮ ತಮ್ಮನೂ ಬರ್ತಿದ್ದ, ಕೊಲ್ಲಾರಿ ಬಂಡಿ ಹೂಡಕೊಂಡು. ಅವ ಹ್ವಾದ ಮ್ಯಾಲೆ ನನ್ನ ಯಾರು ಕರದಾರು? ಮಂದಿ ಹೆಣ್ಣಮಕ್ಕಳನ್ನ ಕಳಸೂದ ನನ್ನ ಪಂಚಮಿ ಆತು," ಎಂದಳು.

ಗುದ್ಲೆಪ್ಪ ಬಹಳ ತಿಳಿವಳಿಕೆಯ ಮನುಷ್ಯನೇನಲ್ಲ. ಆದರೂ ಅಂದು ಅವನಿಗೆ ಏನು ಮಾಡಬೇಕೆಂಬುದು ತಿಳಿಯಿತು. ಕೈಯಲ್ಲಿದ್ದ ಮಾಲೆಯನ್ನು ಗಾಡಿಗೆ ಹಾಕಿದ. ರುಮಾಲು ಬಿಚ್ಚಿ ಹೊಸದಾಗಿ ಸುತ್ತಿದ. ಉಂಡಿಯ ಡಬ್ಬಿಯೊಂದನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಬಂದು, "ಅಕ್ಕಾರ, ಪಂಚಮಿಗೆ ನಿಮ್ಮನ್ನ ಕರಿಯಾಕ ಬಂದೇನ್ರಿ," ಎಂದ.

ಅಡಿವೆವ್ವ ಅವನನ್ನು ದಿಟ್ಟಿಸಿ ನೋಡಿದಳು. "ಗಾಡ್ಯಾಗ ಕುಂತಾಕಿನ್ನ ಕರೀತಾರೇನು? ತಡಿ."

ಆಚೆಯ ಬಾಗಿಲಿನಿಂದ ಇಳಿದು, ಮನೆಯೊಳಗೆ ಹೋಗಿ, ಕದ ಮುಂದೆ ಮಾಡಿಕೊಂಡಳು. ಗುದ್ಲೆಪ್ಪ ಹಿಂದಕ್ಕೆ ನಡೆದು, ಓಣಿಯ ತುದಿಯಿಂದ ಮತ್ತೆ ಬಂದು, ಕದ ತಟ್ಟಿದ. ಊರೆಲ್ಲ ನಿಂತು ನೋಡುತ್ತಿತ್ತು, ಯಾರೂ ನಗಲಿಲ್ಲ. ಕದ ತೆರೆಯಿತು. ತಲೆ ಬಾಚಿ, ಹಸಿರು ಇಳಕಲ್ ಸೀರೆಯುಟ್ಟು ನಿಂತಿದ್ದಳು ಅಡಿವೆವ್ವ.

"ಅಯ್ಯ, ತವರವರು ಬಂದ್ರೇನು?" ಎಂದಳು, ಈಗಷ್ಟೇ ಕಂಡವಳ ಹಾಗೆ. "ಬರ್ರಿ, ಬರ್ರಿ. ಏ ಅನ್ನವ್ವಾ, ನಮ್ಮ ತಮ್ಮಗ ಕಾಲಿಗೆ ನೀರು ಕೊಡು."

ಗುದ್ಲೆಪ್ಪ ಕಾಲು ತೊಳೆದ, ಬೆಲ್ಲ ತಿಂದ, ನೀರು ಕುಡಿದ. ಅಡಿವೆವ್ವ ಮಗನಿಗೆ ಎಮ್ಮೆ, ಒಲೆ, ಬೀಗದ ಕೈ ಎಲ್ಲ ಒಪ್ಪಿಸಿ, ಕೊಂಡಿ ತೆಗೆಯಲು ಹೇಳಿ, ಗಾಡಿ ಹತ್ತಿದಳು. ಸೊಸೆಯನ್ನು ಆಚೆ ಸರಿಸಿ ಕಿಟಕಿಯ ಕಡೆ ಕುಳಿತಳು. ಹಜರತಅಲಿ ಚಾಲೂ ಮಾಡಿದ. ಎಂದಿನಂತೆ ಯಾರಿಗೂ ಕೇಳಿಸಲಿಲ್ಲ.

ಗಾಡಿ ಓಣಿಯಲ್ಲಿ ಅಷ್ಟು ದೂರ ತೇಲಿಕೊಂಡು ಹೋದ ಮೇಲೆ ಅಡಿವೆವ್ವ ಪರದೆಯನ್ನು ಪೂರ್ತಿ ಸರಿಸಿ, ಮುಂದಕ್ಕೆ ಬಾಗಿ ಹಜರತಅಲಿಯ ಭುಜ ತಟ್ಟಿದಳು.

"ತಮ್ಮಾ, ಹಾರ್ನ್ ಐತಿಲ್ಲೋ ಇದಕ್ಕ?"

"ಐತಿ ಆಯಿ."

"ಹೊಡಿ ಹಂಗಾರ. ಊರು ದಾಟೂತನಾ ಕೈ ತಗೀಬ್ಯಾಡ. ನನ್ನ ಕರಿಯಾಕ ಬಂದಾರ."